ತಣ್ಣೀರಿನ ತರಗತಿ

ಮನೆಯಿಂದ, ಅಡುಗೆಮನೆಯ ಮೇಜು
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಮರೀ,

ಹೇಗಿದ್ದೀಯಪ್ಪಾ? ಹೋದ ಸಲ ಫೋನ್ ಮಾಡಿದಾಗ ಕೆಮ್ಮುತ್ತಿದ್ದೆ. ಇಂಜಿನ್ ಕೋಣೆಯ ಬಿಸಿಯಿಂದ ನೇರವಾಗಿ ಮೇಲಿನ ಗಾಳಿಗೆ ಬರಬೇಡ, ನಡುವೆ ಎಲ್ಲಾದರೂ ಸ್ವಲ್ಪ ಹೊತ್ತು ನಿಂತುಕೋ ಅಂತ ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು. ಹೊಟ್ಟೆ ಸರಿಯಿದೆಯಾ? ಹಡಗಿನ ಅಡುಗೆಯವನು ಬದಲಾದನಾ, ಇಲ್ಲ ಇನ್ನೂ ಅದೇ ಉಪ್ಪಿನ ಡಬ್ಬ ಕೈಜಾರುವ ಪುಣ್ಯಾತ್ಮನಾ? ನಾನು ಚೆನ್ನಾಗಿದ್ದೇನೆ. ಮಂಡಿ ಮೆಟ್ಟಿಲು ಹತ್ತುವಾಗ ಮಾತಾಡುತ್ತದೆ, ಇಳಿಯುವಾಗ ಸುಮ್ಮನಿರುತ್ತದೆ. ನಲವತ್ತು ದಾಟಿದವನನ್ನು ಮರಿ ಅಂತ ಕರೆದರೆ ಜೊತೆಯವರು ನಗುತ್ತಾರೆ ಅಂತ ನೀನು ಅಂದಿದ್ದೆ. ನಗಲಿ ಬಿಡು, ಅವರೇನು ಆಕಾಶದಿಂದ ಉದುರಿದವರಾ?

ಫೋನು ಬಿಟ್ಟು ಕಾಗದ ಯಾಕೆ ಅಂತ ಕೇಳುತ್ತೀಯ. ನಿವೃತ್ತಿಯಾಗುವವರೆಗೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವಳು ನಾನು. ಲೈನು ತಾನಾಗಿ ಕಟ್ಟಾಗುವುದಕ್ಕೂ ಆ ಕಡೆಯವರು ಕಟ್ ಮಾಡುವುದಕ್ಕೂ ಇರುವ ವ್ಯತ್ಯಾಸ ನನಗೆ ತಿಳಿಯುವುದಿಲ್ಲವೇನೋ? ಸೊಸೆಯ ವಿಷಯ ಎತ್ತಿದ ಕೂಡಲೇ "ಅಮ್ಮಾ, ಸಿಗ್ನಲ್ ಹೋಗ್ತಿದೆ" ಅನ್ನುತ್ತೀಯ. ಕಾಗದಕ್ಕೆ ಸಿಗ್ನಲ್ ಬೇಡವಲ್ಲ. ನಿಮ್ಮ ಕಂಪನಿಯವರು ಮುಂದಿನ ಬಂದರಿಗೆ ಕಳಿಸುವ ಟಪಾಲಿನಲ್ಲಿ ಇದನ್ನು ಸೇರಿಸಿಬಿಡುತ್ತೇನೆ. ಆದರೆ ಬರೆಯಲು ಕೂತರೆ ಕೂರಲಾಗುತ್ತಿಲ್ಲ. ಒಲೆಯ ಮೇಲೆ ಚಹಾಕ್ಕೆ ನೀರಿಟ್ಟು ಮರೆತು, ನೀರೆಲ್ಲ ಇಂಗಿ, ಪಾತ್ರೆ ಕಪ್ಪಾಗಿ, ಅದನ್ನು ತಿಕ್ಕಿ ಬಂದು ಮತ್ತೆ ಕೂತಿದ್ದೇನೆ. ಅವಳು ವ್ಯಾಯಾಮಕ್ಕೆ ಹೋಗಿದ್ದಾಳೆ, ಊಟದ ಹೊತ್ತಿಗೆ ಬರುತ್ತಾಳೆ. ಅಷ್ಟರೊಳಗೆ ಮುಗಿಸಬೇಕು.

ಅವಳು ಹೇಗಿದ್ದಾಳೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸಾಲು ಹಾರಿಸಿ ಹಾರಿಸಿ ಕೊನೆಗೆ ಓಡುತ್ತೀಯ, ಚಿಕ್ಕಂದಿನಿಂದಲೂ ನಿನ್ನದು ಅದೇ ಚಾಳಿ. ಇದ್ದಾಳೆ. ಮನೆಯೊಳಗೆ ಕೋಲು ಹಿಡಿದು ಓಡಾಡುತ್ತಾಳೆ, ಹೊರಗೆ ದೂರವಾದರೆ ಗಾಲಿಕುರ್ಚಿ. ಗಾಲಿಕುರ್ಚಿ ಅಂದ ಕೂಡಲೇ ಎದೆ ಹಿಡಿದುಕೊಳ್ಳಬೇಡ, ಅದರ ಕಥೆ ಮುಂದೆ ಬರುತ್ತದೆ. ಬಲಗಣ್ಣಿನ ಮಂಜು ಮುಕ್ಕಾಲು ಪಾಲು ಹೋಗಿದೆ. ಊಟ ಸೇರುತ್ತದೆ. ನನ್ನ ಜೊತೆ ದಿನಕ್ಕೊಂದು ಜಗಳವಾದರೂ ಆಡುತ್ತಾಳೆ. ಮಧ್ಯೆ ಕೆಲವು ತಿಂಗಳು ಜಗಳವೇ ಆಡಿರಲಿಲ್ಲ ನೋಡು, ನನಗೆ ಹೆದರಿಕೆಯಾಗಿದ್ದು ಆಗಲೇ.

ಡಾಕ್ಟರು ಕಾಯಿಲೆಯ ಹೆಸರು ಹೇಳಿದ ದಿನ ನೀನೂ ಜೊತೆಗಿದ್ದೆ. ಮಲ್ಟಿಪಲ್ ಸ್ಕ್ಲೆರೋಸಿಸ್. ಮಿದುಳಿನಿಂದ ಕೈಕಾಲಿಗೆ ಸುದ್ದಿ ಒಯ್ಯುವ ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಹಾಳಾಗುತ್ತದೆ, ಸುದ್ದಿ ತಡವಾಗಿ ಮುಟ್ಟುತ್ತದೆ, ಕೆಲವು ಸಲ ಮುಟ್ಟುವುದೇ ಇಲ್ಲ ಅಂದರು. ತಂತಿಗಳ ಜೊತೆ ಬಾಳಿದವಳಿಗೆ ಅದು ಥಟ್ಟನೆ ಅರ್ಥವಾಯಿತು. ಅರ್ಥವಾಗಿ ಏನು ಬಂತು? ನೀನು ಡಾಕ್ಟರ ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ತೆಗೆಯುವುದು ಹಾಕುವುದು ಮಾಡುತ್ತ ಕೂತಿದ್ದೆ. ಅವಳೊಬ್ಬಳೇ ಬಾಯಿಬಿಟ್ಟು ಕೇಳಿದ್ದು, "ಡಾಕ್ಟ್ರೇ, ನಾನು ಈಜು ಕಲಿಸೋ ಟೀಚರ್. ಕೆಲಸಕ್ಕೆ ಯಾವಾಗ ಹೋಗ್ಬಹುದು?" ಅಂತ. ಅದಾದ ಮೇಲೆ ಈಜುಕೊಳದ ಅಂಚಿನಲ್ಲಿ ಅವಳು ಬಿದ್ದದ್ದು, ಅಲ್ಲಿನ ಮ್ಯಾನೇಜರು ವಾಸಿಯಾಗುವವರೆಗೆ ರಜೆ ಅಂತ ಮನೆಗೆ ಕಳಿಸಿದ್ದು, ನೀನು ಹಡಗು ಹತ್ತಿದ್ದು, ಎಲ್ಲ ಒಂದರ ಹಿಂದೆ ಒಂದು ಬಂದವು. ಹೊರಡುವಾಗ ಬಾಗಿಲಲ್ಲಿ ನನ್ನ ಕೈ ಹಿಡಿದು ಏನು ಹೇಳಿದೆ ನೆನಪಿದೆಯಾ? "ಅಮ್ಮಾ, ಅವಳ ಕೈಲಿ ಒಂದು ಲೋಟ ಸಹ ಎತ್ತಿಸ್ಬೇಡ. ರಾಣಿ ಥರ ನೋಡ್ಕೋ."

ನೋಡಿಕೊಂಡೆ ಮಾರಾಯ, ರಾಣಿಯ ಹಾಗೇ ನೋಡಿಕೊಂಡೆ. ಕುರ್ಚಿ ಕಿಟಕಿಯ ಪಕ್ಕ ಹಾಕಿದೆ. ಊಟ ಅಲ್ಲಿಗೇ, ನೀರು ಅಲ್ಲಿಗೇ. ಪೊರಕೆ ಮುಟ್ಟಿದರೆ ಕಿತ್ತುಕೊಂಡೆ, ಬಟ್ಟೆ ಮಡಚಲು ಹೋದರೆ ಕಿತ್ತುಕೊಂಡೆ. ಕೊಳದ ಮಕ್ಕಳು "ಮೀನು ಟೀಚರ್, ಮೀನು ಟೀಚರ್" ಅಂತ ಹಿಂದೆ ಬೀಳುತ್ತಿದ್ದ ಹೆಣ್ಣು, ನಾವೂ ಮೀನು ಮೀನು ಅಂತಲೇ ಕರೆದು ರೂಢಿಯಾದ ಹೆಣ್ಣು, ಕಿಟಕಿಯಿಂದ ಎದುರುಮನೆಯ ನೀರಿನ ಟ್ಯಾಂಕು ನೋಡುತ್ತ ಕೂತಿರುತ್ತಿದ್ದಳು. ಏನು ಕೇಳಿದರೂ "ಹೂಂ ಅತ್ತೆ". ಕಾಲು ದಿನದಿಂದ ದಿನಕ್ಕೆ ಕಡ್ಡಿಯಾಯಿತು. ಕೂತೂ ಕೂತೂ ಸೊಂಟ ಹಿಡಿದುಕೊಂಡಿತು. ಅಷ್ಟೊಂದು ವಿಶ್ರಾಂತಿ ತೆಗೆದುಕೊಂಡೂ ಸುಸ್ತು ಕಡಿಮೆಯಾಗಲಿಲ್ಲ. ಆ ಸುಸ್ತು ನಿನ್ನ ನನ್ನ ಸುಸ್ತಿನಂಥದ್ದಲ್ಲ ಕಣೋ, ಒದ್ದೆ ಕಂಬಳಿ ಹೊದ್ದುಕೊಂಡು ಮೆಟ್ಟಿಲು ಹತ್ತಿದ ಹಾಗೆ ಅಂತ ಅವಳೇ ಒಂದು ಸಲ ಹೇಳಿದಳು. ನೋಡಿದವರಿಗೆ ಇದೆಲ್ಲ ಕಾಣಬೇಕಲ್ಲ. ಮೇಲಿನ ಮನೆಯಾಕೆ ಬಂದು, "ಮುಖದಲ್ಲಿ ಕಳೆ ಇದೆಯಲ್ಲ, ಚೆನ್ನಾಗೇ ಇದ್ದೀಯ!" ಅಂದು ಹೋದಳು. ಮೀನು ನಕ್ಕು ಕಳಿಸಿದಳು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದಳು.

ಒಂದು ಬೆಳಿಗ್ಗೆ ನಾನು ಹಾಲು ತರಲು ಹೋಗಿ ಬರುವಷ್ಟರಲ್ಲಿ ಅವಳು ಅಡುಗೆಮನೆಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು. ಬೆರಳು ಮಾತು ಕೇಳುತ್ತಿರಲಿಲ್ಲ. ಒಂದು ಕಾಳು ಬಟ್ಟಲಿಗೆ, ಎರಡು ನೆಲಕ್ಕೆ. ನಾನು ಅಭ್ಯಾಸಬಲದಿಂದ ಬಟ್ಟಲಿಗೆ ಕೈಹಾಕಿದೆ. ಅವಳು ಬಿಡಲಿಲ್ಲ. ನಾನು ಎಳೆದೆ, ಅವಳು ಎಳೆದಳು, ಕೊನೆಗೆ ಬಟ್ಟಲನ್ನು ಎತ್ತಿ ಗೋಡೆಗೇ ಎಸೆದಳು ನೋಡು! "ಅತ್ತೆ, ಕಾಯಿಲೆ ನನ್ನ ಕೈಯಿಂದ ಅರ್ಧ ಕಿತ್ಕೊಂಡಿದೆ. ಮಿಕ್ಕಿದ್ದನ್ನ ನೀವು ಕಿತ್ಕೊಳ್ತಿದ್ದೀರ!" ಮದುವೆಯಾಗಿ ಬಂದಾಗಿನಿಂದ ನನ್ನ ಮುಂದೆ ಧ್ವನಿ ಎತ್ತಿದವಳಲ್ಲ. ನನಗೆ ಕೋಪ ಬಂತಾ, ಅಳು ಬಂತಾ ಹೇಳಲಾರೆ. ಇಬ್ಬರೂ ನೆಲದ ಮೇಲೆ ಕೂತು ಬಟಾಣಿ ಆರಿಸಿದೆವು, ಅವಳು ಮೇಜಿನ ಕೆಳಗಿನವು, ನಾನು ಒಲೆಯ ಹಿಂದಿನವು. ಎಷ್ಟು ಹೊತ್ತಾಯಿತೋ. ಕೊನೆಗೆ ನಾನೇ ಕೇಳಿದೆ, "ಈಗ ಏನ್ ಮಾಡೋಣ ಹೇಳು." "ಗೊತ್ತಿಲ್ಲ ಅತ್ತೆ. ಆದ್ರೆ ಹೀಗೆ ಕೂತಿರಕ್ಕಾಗಲ್ಲ" ಅಂದಳು.

ಅದೇ ವಾರ ಆಸ್ಪತ್ರೆಯ ಫಿಸಿಯೋಥೆರಪಿಯಮ್ಮನ ಹತ್ತಿರ ಹೋದೆವು. ಕತ್ತರಿಸಿದ ಕೂದಲು, ದೊಡ್ಡ ಗಂಟಲು, ಒಂದು ಕಡೆ ನಿಲ್ಲದ ಹೆಂಗಸು. ಕಾಲು ಎತ್ತಿಸಿ, ಕೈ ಎಳೆಸಿ, ಕಣ್ಣುಮುಚ್ಚಿ ನಿಲ್ಲಿಸಿ ಎಲ್ಲ ನೋಡಿದರು. ಆಮೇಲೆ ಒಂದು ಸ್ಟೂಲು ಎಳೆದುಕೊಂಡು ಎದುರಿಗೇ ಕೂತು ಕೇಳಿದರು, "ನಿಮಗೆ ಏನು ಮಾಡ್ಬೇಕು ಅನ್ಸುತ್ತೆ?" ಎಷ್ಟು ತಿಂಗಳಿಂದ ಎಷ್ಟು ಜನರ ಮುಂದೆ ಕೂತಿದ್ದೆವು, ಎಲ್ಲರೂ ಕೇಳಿದ್ದು ಏನು ಮಾಡಲಾಗುವುದಿಲ್ಲ ಅಂತಲೇ. ಮೀನು ತಕ್ಷಣ, "ನೀರಿಗಿಳೀಬೇಕು" ಅಂದಳು. ಆಕೆ ನಕ್ಕರು. ನೀರು ಒಳ್ಳೆಯದೇ, ಮೈಭಾರ ಅದು ಹೊರುತ್ತದೆ, ಬಿದ್ದರೂ ಪೆಟ್ಟಾಗುವುದಿಲ್ಲ, ಆದರೆ ನೀರು ತಂಪಾಗಿರಬೇಕು, ಮೈ ಬಿಸಿಯಾದರೆ ಈ ಕಾಯಿಲೆಯವರಿಗೆ ಕಣ್ಣು ಕಾಲು ಎಲ್ಲ ತಾತ್ಕಾಲಿಕವಾಗಿ ಕೈಕೊಡುತ್ತವೆ ಅಂತ ವಿವರಿಸಿದರು. ಇನ್ನೊಂದು ಮಾತು ಹೇಳಿದರು, ಅದನ್ನು ನಾನು ಮನೆಗೆ ಬರುವ ದಾರಿಯುದ್ದಕ್ಕೂ ಬಾಯಲ್ಲಿ ತಿರುವಿಹಾಕುತ್ತ ಬಂದೆ. "ಬೆಳಿಗ್ಗೆ ಏಳುವಾಗ ನಿಮಗೆ ಸಿಗೋ ಶಕ್ತಿ ಇಷ್ಟೇ ಅಂತ ಇಟ್ಕೊಳ್ಳಿ. ಅದನ್ನ ಸ್ನಾನಕ್ಕೆ ಖರ್ಚು ಮಾಡ್ತೀರೋ ಸಂತೆಗೆ ಖರ್ಚು ಮಾಡ್ತೀರೋ ಈಜಕ್ಕೆ ಇಟ್ಕೊಳ್ತೀರೋ, ಅದನ್ನ ನೀವು ಹೇಳ್ಬೇಕು, ನಾನಲ್ಲ, ನಿಮ್ಮತ್ತೆಯೂ ಅಲ್ಲ."

ಮನೆ ತಲೆಕೆಳಗಾಯಿತು. ಸ್ನಾನದ ಮನೆಯ ಗೋಡೆಗೆ ಹಿಡಿಕಂಬಿ ಬಂತು, ಕೂರಲು ಪ್ಲಾಸ್ಟಿಕ್ ಸ್ಟೂಲು ಬಂತು. ಒಲೆಯ ಮುಂದೆ ಎತ್ತರದ ಕುರ್ಚಿ, ಕೂತೇ ಕಲಕುತ್ತಾಳೆ. ಹಾಸಿಗೆ ಬಚ್ಚಲಿಗೆ ಹತ್ತಿರದ ಕೋಣೆಗೆ ಬಂತು. ಅದು ಯಾಕೆ ಅಂತ ನಿನಗೆ ಹೇಳಲು ನನಗೇನೂ ನಾಚಿಕೆಯಿಲ್ಲ. ಅವಳಿಗೆ ಮೂತ್ರ ತಡೆಯುವುದು ಕಷ್ಟ, ಅದಕ್ಕೆ ಹೆದರಿಯೇ ಎಷ್ಟೋ ದಿನ ಹೊರಗೆ ಹೊರಡುತ್ತಿರಲಿಲ್ಲ, ನೀರೇ ಕುಡಿಯುತ್ತಿರಲಿಲ್ಲ. ಈಗ ಅದಕ್ಕೆ ಬೇರೆ ಡಾಕ್ಟರು, ಬೇರೆ ಮಾತ್ರೆ. ಎಲ್ಲಿಗೆ ಹೋದರೂ ಮೊದಲು ಶೌಚಾಲಯ ಎಲ್ಲಿ ಅಂತ ನಾನೇ ಗಟ್ಟಿಯಾಗಿ ಕೇಳುತ್ತೇನೆ, ನನ್ನ ವಯಸ್ಸಿನವರು ಕೇಳಿದರೆ ಯಾರೂ ಅತ್ತಿತ್ತ ನೋಡುವುದಿಲ್ಲ. ಗಾಲಿಕುರ್ಚಿಗೆ ಮಾತ್ರ ಅವಳು ಸುಲಭಕ್ಕೆ ಒಪ್ಪಲಿಲ್ಲ. ಅದರಲ್ಲಿ ಒಂದು ಸಲ ಕೂತರೆ ಮತ್ತೆ ಏಳುವುದಿಲ್ಲ ಅನ್ನುವ ಭಯ. ಕೊನೆಗೆ ಒಂದು ಶನಿವಾರ ಸಂತೆಗೆ ಅದರಲ್ಲೇ ಹೋಗಿ, ಎರಡು ಚೀಲ ತರಕಾರಿ ತೊಡೆಯ ಮೇಲಿಟ್ಟುಕೊಂಡು ಬಂದು, ಉಳಿದ ಶಕ್ತಿಯಲ್ಲಿ ಅಡುಗೆಯನ್ನೂ ಮಾಡಿದಳು ನೋಡು, ಅವತ್ತಿನಿಂದ ಆ ಕುರ್ಚಿಗೆ "ಸವಾರಿ" ಅಂತ ಹೆಸರಾಯಿತು. ಔಷಧಿ ಅಂಗಡಿಯವರು ಅವಳನ್ನು ಅದರಲ್ಲಿ ನೋಡಿ, "ಅಯ್ಯೋ, ಅಷ್ಟು ಜೋರಾಗಿದ್ಯಾ?" ಅಂತ ಮುಖ ಬಾಡಿಸಿಕೊಂಡರು. ಮರುದಿನ ಕೋಲು ಹಿಡಿದು ಹೋದರೆ ಕಳ್ಳಿಯನ್ನು ಹಿಡಿದವರ ಹಾಗೆ, "ಓ, ನಡೀತೀರಲ್ಲ!" ಇವಳು, "ಹೂಂ, ಇವತ್ತು ಕಾಲು ಡ್ಯೂಟಿಗೆ ಬಂದಿದೆ" ಅಂದಳು.

ಇರು, ಬಾಗಿಲು ಸದ್ದಾದ ಹಾಗಾಯಿತು... ಯಾರೂ ಇಲ್ಲ, ಗಾಳಿ.

ಆಮೇಲೆ ಈಜುಕೊಳ. ಮ್ಯಾನೇಜರು ಕೆಟ್ಟವರಲ್ಲ, ಅದನ್ನು ಮೊದಲು ಹೇಳುತ್ತೇನೆ. ಕುರ್ಚಿ ಹಾಕಿ ಕೂರಿಸಿದರು, ಚಹಾ ತರಿಸಿದರು, ಎಲ್ಲ ಸರಿ. "ಮೇಡಂ, ನಿಮ್ಮಂಥ ಟೀಚರ್ ನಮಗೆ ಇನ್ನೊಬ್ರು ಸಿಕ್ಕಿಲ್ಲ. ಆದ್ರೆ ಒಂದು ಮಗು ಮುಳುಗ್ತಿದ್ರೆ ನೀವು ಓಡಕ್ಕಾಗುತ್ತಾ? ನೀವೇ ಹೇಳಿ." ನಾನು ಬಾಯಿ ಹಾಕಲು ಹೋದೆ, ಮೀನು ನನ್ನ ಮಂಡಿಯ ಮೇಲೆ ಕೈಯಿಟ್ಟಳು. "ಆಗಲ್ಲ ಸಾರ್. ಮಕ್ಕಳ ತರಗತಿ ನನಗೆ ಬೇಡ. ದೊಡ್ಡವರಿಗೆ ಕಲಿಸ್ತೀನಿ. ಎದೆಮಟ್ಟದ ನೀರಲ್ಲಿ, ನಿಮ್ಮ ಕಾವಲಿನವರು ಡ್ಯೂಟಿಲಿರೋ ಹೊತ್ತಲ್ಲಿ." ಹೇಳುವಾಗ ಧ್ವನಿ ಸರಿಯಾಗೇ ಇತ್ತು. ಆದರೆ ಮಕ್ಕಳನ್ನು ಬಿಟ್ಟುಕೊಡುವುದು ಅವಳಿಗೆ ಏನು ಅಂತ ನಿನಗೆ ನಾನು ಹೇಳಬೇಕಾ? ಮ್ಯಾನೇಜರು ಪೇಪರ್‌ವೇಟು ತಿರುಗಿಸುತ್ತ, "ಈಜು ಬರದ ದೊಡ್ಡವರು ಈ ವಯಸ್ಸಲ್ಲಿ ಯಾರು ಬರ್ತಾರೆ ಮೇಡಂ?" ಅಂದರು. "ನಾನು ಬರ್ತೀನಿ" ಅಂದುಬಿಟ್ಟೆ! ಬಾಯಿಂದ ಬಿದ್ದ ಮೇಲೆ ಏನು ಹೇಳಿದೆ ಅಂತ ಗೊತ್ತಾಯಿತು. ಚಿಕ್ಕಂದಿನಲ್ಲಿ ಕೆರೆಗೆ ಜಾರಿದಾಗಿನಿಂದ ಬಕೆಟ್ಟಿನ ನೀರಿಗೂ ಗೌರವ ಕೊಡುವವಳು ನಾನು. ನಿನ್ನ ಮೊದಲ ಹಡಗು ನೋಡಲು ಬಂದು ಏಣಿಯ ಬುಡದಲ್ಲೇ ನಿಂತು ಕೈಬೀಸಿ ವಾಪಸ್ಸಾದದ್ದು ಮರೆತೆಯಾ? ಮೀನು ನನ್ನ ಕಡೆ ತಿರುಗಿ ನೋಡಿದ ನೋಟ ಇದೆಯಲ್ಲ, ಅದಾದ ಮೇಲೆ ಹಿಂದೆ ಸರಿಯುವ ದಾರಿಯೇ ಇರಲಿಲ್ಲ.

ಒಂದು ತಿಂಗಳು ನೋಡೋಣ, ಮಧ್ಯಾಹ್ನದ ಹೊತ್ತು ಖಾಲಿ ಇದೆ ಅಂದರು. ನನಗೆ ಈಜುಡುಗೆ ಕೊಳ್ಳಲು ಅಂಗಡಿಗೆ ಹೋದಾಗ ಮಾರುವ ಹುಡುಗಿ, "ಮೊಮ್ಮಗಳಿಗಾ?" ಅಂತ ಕೇಳಿದಳು. ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತ ಕಥೆ ನಿನಗೆ ಬೇಡ, ಹಡಗು ನಡೆಸುವವನು ಗಂಭೀರವಾಗಿರಬೇಕು. ಮೊದಲ ದಿನ ಮೆಟ್ಟಿಲ ಕಂಬಿ ಹಿಡಿದವಳು ಬಿಡಲೇ ಇಲ್ಲ. ಎರಡನೆಯ ದಿನ ಮುಖ ನೀರಿಗೆ ತಾಗಿಸಿದೆ. ಆದರೆ ಅಷ್ಟೊಂದು ಭಯದ ಮಧ್ಯೆಯೂ ನನಗೆ ಕಂಡದ್ದು ಅವಳು. ನೆಲದ ಮೇಲೆ ಒಂದೊಂದು ಹೆಜ್ಜೆಗೂ ಲೆಕ್ಕಾಚಾರ ಹಾಕುವವಳು ನೀರಿಗೆ ಇಳಿದ ಮೇಲೆ ಬೇರೆಯೇ. ತಿರುಗುತ್ತಾಳೆ, ಹಿಂದಕ್ಕೆ ಜಾರುತ್ತಾಳೆ, ಕಾಲು ಸರಿಯಾಗಿ ಬಡಿಯದಿದ್ದರೂ ಕೈಯಲ್ಲೇ ಹೋಗಿಬಿಡುತ್ತಾಳೆ. ಆ ಗಂಟಲು ಎಲ್ಲಿ ಅಡಗಿತ್ತೋ! "ಅತ್ತೆ, ಕತ್ತು ಬಿಗಿ ಹಿಡೀಬೇಡಿ. ತಲೆ ನೀರಿಗೆ ಬಿಟ್ಬಿಡಿ, ಕಿವಿ ಮುಳುಗಲಿ, ಅದು ನಿಮ್ಮನ್ನ ಹೊರುತ್ತೆ." ಮನೆಯಲ್ಲಿ ನಾನು ಹೇಳಿದ್ದನ್ನು ಅವಳು ಕೇಳಬೇಕು, ಅಲ್ಲಿ ಅವಳು ಹೇಳಿದ್ದನ್ನು ನಾನು. ಅಷ್ಟು ಹೊತ್ತಿಗೆ ಗ್ರಂಥಾಲಯದಲ್ಲಿ ಪುಸ್ತಕ ಕೊಡುವಾಕೆ ಸೇರಿಕೊಂಡರು, ನಮ್ಮ ಬೀದಿಯ ಕ್ಷೌರಿಕರೂ ಬಂದರು. ಗ್ರಂಥಾಲಯದಾಕೆ ಸದ್ದಿಲ್ಲದೆ ಕಲಿತರು. ಕ್ಷೌರಿಕರು ಮುಳುಗಿದಾಗಲೂ ಮಾತಾಡುತ್ತಿದ್ದರು.

ಈಗ ಹೇಳುವುದನ್ನು ನೀನು ಕೂತುಕೊಂಡು ಓದು. ಆ ತಿಂಗಳು ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ನೀರು ಎಂದಿಗಿಂತ ಬೆಚ್ಚಗಿತ್ತು. ನಮ್ಮ ಹಿಂದೆ ಕೀಲುನೋವಿನವರ ಗುಂಪು ಬರುವುದಿತ್ತು, ಅವರಿಗಾಗಿ ಹೀಟರು ಬೇಗ ಹಾಕಿದ್ದರಂತೆ. ನನಗೇನು ಗೊತ್ತು, ಹಾಯಾಗಿದೆಯಲ್ಲ ಅಂದುಕೊಂಡೆ. ಮೀನು ಕ್ಷೌರಿಕರ ಕೈ ತಿದ್ದುತ್ತಿದ್ದಳು. ಅವಳ ಮಾತು ನಡುವೆ ನಿಂತಿತು. ತಿರುಗಿ ನೋಡಿದೆ, ನನ್ನ ಕಡೆಯೇ ನೋಡುತ್ತಿದ್ದಾಳೆ, ಆದರೆ ನಾನು ಅವಳಿಗೆ ಕಾಣುತ್ತಿಲ್ಲ. "ಅತ್ತೆ" ಅಂದಳು, ಬಹಳ ಮೆಲ್ಲಗೆ, ಅಷ್ಟೇ. ಕೆಳಗೆ ಹೋದಳು. ಅವಳಿಗೂ ನನಗೂ ನಡುವೆ ನಾನು ಯಾವತ್ತೂ ಒಬ್ಬಳೇ ದಾಟದಷ್ಟು ನೀರಿತ್ತು. ಹೇಗೆ ದಾಟಿದೆ ಅಂತ ನನ್ನನ್ನು ಕೇಳಬೇಡ. ಈಜಿದೆನೋ, ಓಡಿದೆನೋ, ಬಿದ್ದೆನೋ, ಕಂಕುಳಿಗೆ ಕೈ ಕೊಟ್ಟು ಎತ್ತಿದಾಗ ಅವಳ ಮೈ ಒದ್ದೆ ಹತ್ತಿಯ ಹಾಗಿತ್ತು. ಅಂಗಾತ ಮಲಗಿಸಿ ಅವಳ ತಲೆಯನ್ನು ನನ್ನ ಭುಜದ ಮೇಲಿಟ್ಟುಕೊಂಡು ನಿಂತೆ. ಅವಳು ನನಗೆ ಹೇಳಿಕೊಟ್ಟಿದ್ದನ್ನೇ ಅವಳ ಕಿವಿಯಲ್ಲಿ ಹೇಳಿದೆ, ಬಿಡು ಮಗಳೇ, ತಲೆ ಬಿಡು, ನಾನಿದ್ದೀನಿ. ಕಾವಲಿನವನು ಧುಮುಕಿ ಬಂದು ಇಬ್ಬರನ್ನೂ ಅಂಚಿಗೆ ತಂದ. ಎಲ್ಲ ಒಂದು ನಿಮಿಷದೊಳಗೆ ಆಗಿಹೋಗಿರಬೇಕು.

ತಣ್ಣನೆಯ ಟೈಲ್ಸಿನ ಮೇಲೆ ಮಲಗಿಸಿ, ಕತ್ತಿಗೆ ಹಣೆಗೆ ಒದ್ದೆ ಬಟ್ಟೆ ಹಾಕಿದ ಮೇಲೆ ನಿಧಾನವಾಗಿ ಕಣ್ಣು ತಿಳಿಯಾಯಿತು, ಕಾಲ್ಬೆರಳು ಅಲುಗಿದವು. ಮ್ಯಾನೇಜರು ಬಿಳಿಚಿಕೊಂಡು ನಿಂತಿದ್ದರು. "ಇವತ್ತಿಗೆ ಮುಗೀತು ಮೇಡಂ. ದಯವಿಟ್ಟು ಮತ್ತೆ ಕೇಳ್ಬೇಡಿ" ಅಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ. ಮೀನು ಮಲಗಿದ್ದಲ್ಲಿಂದಲೇ, "ನೀರು ಎಷ್ಟು ಬಿಸಿ ಇತ್ತು ಅಂತ ನೋಡಿ ಸಾರ್. ಬೆಳಿಗ್ಗೆ, ಹೀಟರ್ ಹಾಕೋ ಮೊದಲು ಕೊಡಿ" ಅಂದಳು. ಆ ಚಳಿಯಲ್ಲಿ ಯಾರು ಬರುತ್ತಾರೆ ಅಂತ ಅವರು ರೇಗಿದರು. "ಅತ್ತೆ ಬರ್ತಾರೆ" ಅಂದಳು, ನನ್ನನ್ನು ಒಂದು ಮಾತು ಕೇಳದೆ! ಆದರೆ ಮನೆಗೆ ಬಂದ ಮೇಲೆ ಆ ಧೈರ್ಯವೆಲ್ಲ ಇಳಿಯಿತು. ಅವಳಿಗೂ ಭಯವಾಗಿತ್ತು. ಕಿಟಕಿಯ ಕುರ್ಚಿಗೆ ವಾಪಸ್ಸು ಹೋದಳು. ನಾನು ಒಂದು ಕೋಣೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಹಿತ್ತಲಿಗೆ, ಹಿತ್ತಲಿಂದ ಬೀದಿಬಾಗಿಲಿಗೆ ಅಲೆಯುತ್ತಿದ್ದೆ. ಹೋಗು ಅಂತ ಹೇಳಲಾ, ಬೇಡ ಅಂತ ಹೇಳಲಾ? ಹೋಗು ಅಂದು ಏನಾದರೂ ಆದರೆ? ಬೇಡ ಅಂದು ಮತ್ತೆ ಆ ಟ್ಯಾಂಕು ನೋಡುತ್ತ ಕೂತರೆ? ಆ ದಿನಗಳಲ್ಲಿ ನಿನಗೆ ಎಷ್ಟು ಸಲ ಫೋನು ಹಚ್ಚಿದೆ ಅಂತ ನಿನ್ನ ಫೋನಿಗೇ ಗೊತ್ತು. ಕೊನೆಗೆ ನಾನು ಎರಡನ್ನೂ ಹೇಳಲಿಲ್ಲ. ನನ್ನ ಈಜುಡುಗೆ ಒಗೆದು ಅವಳ ಕಣ್ಣಿಗೆ ಬೀಳುವ ಹಾಗೆ ಹಗ್ಗದ ಮೇಲೆ ಹಾಕಿದೆ, ಅಷ್ಟೇ. ಅವಳು ಅದನ್ನು ನೋಡುತ್ತ ನೋಡುತ್ತ, "ಅತ್ತೆ, ಆ ಚಳಿ ನಿಮಗೆ ಒಗ್ಗಲ್ಲ" ಅಂದಳು. "ನನ್ನ ಚಳಿ ನಾನು ನೋಡ್ಕೋತೀನಿ, ನಿನ್ನದು ನೀನು ನೋಡ್ಕೋ" ಅಂದೆ.

ಮುಂದೆ ಬಹಳ ಓಡಾಟವಾಯಿತು. ಆದದ್ದು ಕಾಯಿಲೆಯ ಹೊಸ ಏಟಲ್ಲ, ಬಿಸಿಯಿಂದ ಆದದ್ದು, ತಣ್ಣೀರಿನಲ್ಲಿ ಅಡ್ಡಿಯಿಲ್ಲ ಅಂತ ಡಾಕ್ಟರು ಮ್ಯಾನೇಜರಿಗೆ ತಾವೇ ತಿಳಿಸಿದರು. ಕಾವಲಿನವನು, ಪುಣ್ಯಾತ್ಮ, ನಾನು ಬೇಗ ಬರುತ್ತೇನೆ, ತರಗತಿಯ ಹೊತ್ತು ನೀರಿನಲ್ಲೇ ಇರುತ್ತೇನೆ ಅಂದ. ಗ್ರಂಥಾಲಯದಾಕೆ ಮತ್ತು ಕ್ಷೌರಿಕರು ಹೋಗಿ ಮ್ಯಾನೇಜರ ಮುಂದೆ ಕೂತರು. ಆಕೆ ಮಾತಾಡಿದರು, ಕ್ಷೌರಿಕರು ಜೀವನದಲ್ಲಿ ಮೊದಲ ಬಾರಿಗೆ ಸುಮ್ಮನಿದ್ದರು ಅಂತ ಸುದ್ದಿ. ಮ್ಯಾನೇಜರು ಒಪ್ಪಿದರು, ಆದರೆ ಷರತ್ತು ಹಾಕಿ. ನೀರಿನ ಬಿಸಿ ನೋಡದೆ ಇಳಿಯುವಂತಿಲ್ಲ. ಅವಳಿಗೆ ಸುಸ್ತು ಅನ್ನಿಸಿದರೆ ತರಗತಿ ಅಲ್ಲಿಗೇ ನಿಲ್ಲಬೇಕು. ಬೇಸಿಗೆ ಬಂದ ಮೇಲೆ ಮತ್ತೆ ನೋಡೋಣ. ಮೆಟ್ಟಿಲಿನ ಬದಲು ಇಳಿಜಾರು ಹಾಕಿಸಿದ್ದು ಮಾತ್ರ ಯಾರೂ ಕೇಳದೆ ಅವರೇ ಮಾಡಿದ ಕೆಲಸ, ನಾನು ಕೃತಜ್ಞತೆ ಹೇಳಲು ಹೋದರೆ ಕೊಳಾಯಿ ನೋಡಬೇಕು ಅಂತ ಎದ್ದು ಹೋದರು.

ಈಗ ವಾರಕ್ಕೆ ಮೂರು ಬೆಳಿಗ್ಗೆ ಹೋಗುತ್ತೇವೆ. ನೀರು ಮೊದಲ ಕ್ಷಣ ಕೊಯ್ಯುತ್ತದೆ, ಹಲ್ಲು ತಾಳ ಹಾಕುತ್ತದೆ, ಆಮೇಲೆ ಸರಿಹೋಗುತ್ತದೆ. ಹೋದ ತಿಂಗಳು ಫಿಸಿಯೋಥೆರಪಿಯಮ್ಮ ಒಬ್ಬರನ್ನು ಕಳಿಸಿದರು, ಅಂಚೆ ಕಚೇರಿಯಲ್ಲಿ ಟಪಾಲು ವಿಂಗಡಿಸುತ್ತಿದ್ದವರು, ಮೀನುವಿನದೇ ಕಾಯಿಲೆ. ಮನೆಯಿಂದ ಹೊರಗೆ ಕಾಲಿಟ್ಟು ಎಷ್ಟೋ ಕಾಲವಾಗಿತ್ತಂತೆ. ಅವರ ಹೆಂಡತಿ ಅಂಚಿನಲ್ಲಿ ಟವೆಲು ಹಿಸುಕುತ್ತ ನಿಂತಿದ್ದರು, ನನ್ನದೇ ಹಳೆಯ ಮುಖ ನೋಡಿದ ಹಾಗಾಯಿತು. ಮೀನು ಅವರನ್ನು ನೀರಿನೊಳಗೆ ನಿಲ್ಲಿಸಿ, ಕೈ ಬಿಟ್ಟು, ಎರಡು ಮಾರು ಹಿಂದೆ ಸರಿದು, "ಬನ್ನಿ" ಅಂದಳು. ಬಂದರು. ಇನ್ನೂ ಎರಡು ಮಾರು ಸರಿದಳು. ಬಂದರು. ಬಂದು ನಿಂತು ಹೆಂಡತಿಯ ಕಡೆ ತಿರುಗಿ, "ಕಾಲು ಎಲ್ಲಿದೆ ಅಂತ ಗೊತ್ತಾಗ್ತಿದೆ ಕಣೇ" ಅಂತ ಕೂಗಿದರು. ಆಕೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಮೀನು ಏನೂ ಆಗದವಳ ಹಾಗೆ, "ಸರಿ, ಈಗ ಉಸಿರು ಬಿಡೋದು ಕಲಿಯೋಣ" ಅಂದಳು. ನಾನೂ ನೀರಿನಲ್ಲಿದ್ದದ್ದು ಒಳ್ಳೆಯದಾಯಿತು, ಮುಖ ಹೇಗೂ ಒದ್ದೆಯಾಗಿತ್ತು.

ನಿನ್ನ ಮುಂದೆ ಬಣ್ಣ ಹಚ್ಚಿ ಹೇಳುವುದಿಲ್ಲ. ಹೋದ ವಾರ ಎಡಗೈ ಮರಗಟ್ಟಿತು, ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬಂದೆವು, ತರಗತಿ ನಿಂತಿತ್ತು. ಮತ್ತೆ ಹಾಗಾಗುವುದಿಲ್ಲ ಅಂತ ಯಾರೂ ಬರೆದುಕೊಡುವುದಿಲ್ಲ. ಕೆಲವು ದಿನ ಮಧ್ಯಾಹ್ನಕ್ಕೇ ಪರದೆ ಎಳೆದು ಮಲಗಿರುತ್ತಾಳೆ, ಆಗ ನಾನು ಹತ್ತಿರ ಸುಳಿಯುವುದಿಲ್ಲ, ಅವಳು ಕರೆದರೆ ಮಾತ್ರ. ಕಾಯಿಲೆ ವಾಸಿಯಾಗಿಲ್ಲ ಮರೀ. ದಿನಗಳು ಮಾತ್ರ ಮೊದಲಿಗಿಂತ ಎಷ್ಟೋ ವಾಸಿ. ನೀನು ಬಂದರು ಬಂದರಿನಿಂದ ಕಳಿಸಿದ ಅಯಸ್ಕಾಂತದ ಬಳೆ, ನಡುಗುವ ಬೆಲ್ಟು, ಕಹಿ ಪುಡಿ, ಎಲ್ಲವೂ ಅಟ್ಟದ ಮೇಲಿವೆ, ದಯಮಾಡಿ ಇನ್ನು ಕಳಿಸಬೇಡ. ನೀನು ಕಳಿಸಿದ್ದರಲ್ಲಿ, ನೀರಿನಲ್ಲಿ ಅದ್ದಿ ಕತ್ತಿಗೆ ಸುತ್ತಿಕೊಳ್ಳುವ ಆ ನೀಲಿ ತಂಪುಬಟ್ಟೆ ಒಂದನ್ನು ಮಾತ್ರ ಅವಳು ದಿನಾ ಹಾಕಿಕೊಳ್ಳುತ್ತಾಳೆ. ಯಾರು ಕೊಟ್ಟಿದ್ದು ಅಂತ ಗ್ರಂಥಾಲಯದಾಕೆ ಕೇಳಿದಾಗ "ಮನೇಲಿತ್ತು" ಅಂದಳು. ಅದು ನನಗೆ ಚುಚ್ಚಿತು, ನಿನಗೂ ಚುಚ್ಚಲಿ ಅಂತಲೇ ಬರೆಯುತ್ತಿದ್ದೇನೆ.

ಬಿಸಿಬಿಸಿ ತಿನ್ನು, ಹೊತ್ತಿಗೆ ಸರಿಯಾಗಿ ಮಲಗು, ಕೆಮ್ಮಿಗೆ ಉಪ್ಪುನೀರು ಮುಕ್ಕಳಿಸು. ನಿನ್ನ ಕೋಣೆಯ ಜೊತೆಗಾರನಿಗೆ ನನ್ನ ಆಶೀರ್ವಾದ ತಿಳಿಸು, ಅವನ ಹೆಂಡತಿಗೆ ಹೆರಿಗೆಯಾಯಿತಾ? ನಿನ್ನ ಮೇಲೆ ನನಗೆ ಕೋಪವಿದೆ, ಆದರೆ ನಿನ್ನನ್ನು ನೆನೆಯದೆ ನಾನು ತುತ್ತು ಎತ್ತಿದ ದಿನವಿಲ್ಲ. ಸಮುದ್ರ ನಿನ್ನನ್ನು ಕಾಯಲಿ.

ನಿನ್ನ,
ಅಮ್ಮ

ಮರೆತಿದ್ದು: ಮರೆತಿಲ್ಲ, ಬರೆಯಲು ಕೈ ಬರಲಿಲ್ಲ. ಅವಳು ಬರುವ ಹೊತ್ತಾಯಿತು, ಬೇಗ ಹೇಳುತ್ತೇನೆ. ನೀನು ಎರಡು ಸಲ ಹಡಗಿನ ಕರಾರು ಮುಂದುವರಿಸಿದ್ದೀಯ, ಮೂರನೆಯದಕ್ಕೆ ಸಹಿ ಹಾಕುವುದು ಈ ತಿಂಗಳ ಕೊನೆಗೆ ಅಂತ ನಿನ್ನ ಕಂಪನಿಯವರು ಫೋನಿನಲ್ಲಿ ಹೇಳಿದರು. ಅವಳೇ ಫೋನು ಎತ್ತಿದ್ದು. ನಿನ್ನೆ ಬಟ್ಟೆ ಮಡಚುತ್ತ ಕೇಳಿದಳು, "ಅತ್ತೆ, ಅವರು ಬರಲ್ಲ ಅಂದ್ರೆ ನೀವು ಎಲ್ಲಿರ್ತೀರ?" ಇಲ್ಲೇ ಅಂದೆ. ಯೋಚಿಸಿ ಹೇಳಿದ್ದಲ್ಲ, ಆದರೆ ಹೇಳಿದ ಮೇಲೆ ಯೋಚಿಸಿದೆ, ಅದೇ ನಿಜ. ನೀ ಬರದಿದ್ದರೂ ನಾನು ಅವಳ ಜೊತೆಗೇ ಇರುತ್ತೇನೆ. ನಿನಗೆ ಭಯ ಅಂತ ನನಗೆ ಗೊತ್ತು. ಭಯ ಹೋದ ಮೇಲೆ ಬರುತ್ತೇನೆ ಅಂತ ಕಾಯಬೇಡ, ಭಯದ ಜೊತೆಗೇ ಬಾ. ನೋಡಿಕೊಳ್ಳುವವನು ಅವಳಿಗೆ ಬೇಡ, ಗಂಡ ಬೇಕು, ಇಲ್ಲ ಅಂದರೆ ಇಲ್ಲ ಅನ್ನುವ ಉತ್ತರವಾದರೂ ಬೇಕು. ಬರ್ತೀಯೋ ಇಲ್ಲವೋ, ನನಗೆ ಹೇಳಬೇಡ. ಅವಳಿಗೆ ಹೇಳು.